ಕಪಿಲೆ ಬಾವಿಯ ಬದಿಯ ಬೈಠಕ್

ಗುರುವಾರ ಬೆಳಿಗ್ಗೆ ಕುಷಾಯಿಗೂಡದ ಮನೆ ಬಿಟ್ಟಾಗ ಬಿಸಿಲು ಇನ್ನೂ ಎದುರು ಮನೆಯ ನೀರಿನ ಟ್ಯಾಂಕಿನಿಂದ ಕೆಳಗೆ ಇಳಿದಿರಲಿಲ್ಲ. ಹೆಗಲ ಚೀಲದಲ್ಲಿ ಕುಡಿಯುವ ನೀರು, ಒಂದು ಛತ್ರಿ, ಟವೆಲಿನಲ್ಲಿ ಸುತ್ತಿದ ಅಪ್ಪನ ಚಾರಾದ ಡಬ್ಬಿ ಇದ್ದವು. ಮೀನುಗಳನ್ನು ಒಂದು ಕಡೆ ಸೇರಿಸಲು ನೀರಿಗೆ ಎಸೆಯುವ ಮೇವಿಗೆ ಇಲ್ಲಿ ಚಾರಾ ಎನ್ನುತ್ತಾರೆ. ಗಾಳ, ಕೋಲು ಯಾವುದನ್ನೂ ನಾನು ತೆಗೆದುಕೊಂಡಿರಲಿಲ್ಲ. ನಾನು ಹೊರಟದ್ದು ಮೀನು ಹಿಡಿಯಲು ಅಲ್ಲ, ಕೆರೆಯ ದಡದಲ್ಲಿ ಅಪ್ಪನಿಗಿದ್ದ ಜಾಗವನ್ನು ಬಿಟ್ಟುಕೊಟ್ಟು ಬರಲು.

ಹೈದರಾಬಾದಿನಲ್ಲೂ ಹವ್ಯಾಸಕ್ಕೆ ಗಾಳ ಹಾಕುವವರಿದ್ದಾರೆ ಎಂದರೆ ಕಲಬುರಗಿಯ ನಮ್ಮ ನೆಂಟರು ನಗುತ್ತಾರೆ. ಸಮುದ್ರ ನೋಡಬೇಕೆಂದರೆ ಇಲ್ಲಿಂದ ಒಂದು ರಾತ್ರಿಯ ರೈಲು ಪ್ರಯಾಣ. ಆದರೂ ವಾರದ ರಜೆಗೆ ಕೋಲು ಹಿಡಿದು ಹೊರಡುವ ಒಂದು ಸಣ್ಣ ಗುಂಪು ಈ ನಗರದಲ್ಲಿದೆ. ಹಳೇ ಪೇಟೆಯ ದರ್ಜಿಗಳು, ನಿವೃತ್ತ ಗುಮಾಸ್ತರು, ಕಾರ್ಖಾನೆಯ ಪಾಳಿಗಳಿಂದ ನಿದ್ದೆಯ ಲೆಕ್ಕ ತಪ್ಪಿದವರು ಅದರಲ್ಲಿದ್ದಾರೆ. ನಗರದೊಳಗಿನ ಕೆರೆಗಳ ನೀರಿನ ಬಣ್ಣ ಅವರಿಗೆ ಒಗ್ಗುವುದಿಲ್ಲ. ಆದ್ದರಿಂದ ಮುಂಬೈ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ, ಕರ್ನಾಟಕದ ಗಡಿಯ ಕಡೆಗೆ ಹೋಗುತ್ತಾರೆ. ನಾನು ಹೋದದ್ದೂ ಆ ಕಡೆಯ ಕೆರೆಗೇ. ಅದರ ಹೆಸರು ಬರೆಯುವುದಿಲ್ಲ. ಗಾಳದವರು ತಮ್ಮ ನೀರಿನ ಹೆಸರನ್ನು ಹೊರಗಿನವರಿಗೆ ಹೇಳುವುದಿಲ್ಲ. ಅಪ್ಪನ ಮಗಳಾಗಿ ನಾನೂ ಹೇಳಬಾರದು.

ಅಪ್ಪ ಮೀನು ತಿನ್ನುವವರಲ್ಲ. ನಮ್ಮ ಮನೆಯಲ್ಲಿ ಯಾರೂ ತಿನ್ನುವುದಿಲ್ಲ. ಎರೆಹುಳ, ಸಿಗಡಿ, ಕೋಳಿಯ ಕರುಳನ್ನು ಅವರು ಎಂದೂ ಗಾಳಕ್ಕೆ ಸಿಕ್ಕಿಸಲಿಲ್ಲ. ಶೇಂಗಾ ಹಿಂಡಿ, ಹುರಿದ ತೌಡು, ಬೆಲ್ಲ, ಮೆಂತ್ಯದ ಪುಡಿ ಕಲಸಿ ಉಂಡೆ ಮಾಡುತ್ತಿದ್ದರು. ಸಿಕ್ಕ ಮೀನಿನ ತುಟಿಯಿಂದ ಗಾಳ ಬಿಡಿಸಿ ಮತ್ತೆ ನೀರಿಗೆ ಬಿಡುತ್ತಿದ್ದರು. ತೀರ ದೊಡ್ಡದಾದರೆ ಕಾರ್ಖಾನೆಯ ಗೆಳೆಯ ನಾಗಣ್ಣ ಕಾಕಾನಿಗೆ ಕೊಡುತ್ತಿದ್ದರು. “ತಿನ್ನಂಗಿಲ್ಲ, ಮಾರಂಗಿಲ್ಲ. ಮೀನಿನ ಜೋಡಿ ಬೀಗತನ ಮಾಡಾಕ ಹೋಗತೀಯೇನ ದೋಸ್ತ?” ಎಂದು ಕಾಕಾ ಚುಡಾಯಿಸುತ್ತಿದ್ದರು. ಚಾರಾದ ವಾಸನೆ ಅಡುಗೆಮನೆಗೆ ಬರಕೂಡದು ಎಂಬುದು ಅವ್ವನ ಕಟ್ಟಪ್ಪಣೆ. ಅಪ್ಪ ಮಾಳಿಗೆಯ ಮೇಲೆ ಸೀಮೆಎಣ್ಣೆ ಸ್ಟೌ ಇಟ್ಟುಕೊಂಡು ಹುರಿಯುತ್ತಿದ್ದರು. ಕೆರೆಯಿಂದ ಬಂದು ನೀರಿನ ಸುದ್ದಿ ಹೇಳತೊಡಗಿದರೆ ಅವ್ವ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ತೊಳೆಯುತ್ತಿದ್ದಳು.

ಕಳೆದ ಚಳಿಗಾಲದಲ್ಲಿ ಅಪ್ಪನಿಗೆ ಲಕ್ವಾ ಹೊಡೆಯಿತು. ಬಲಭಾಗ ಹೋಯಿತು, ಮಾತೂ ಹೋಯಿತು. ಎಡಗೈ ಮತ್ತು ಕಣ್ಣುಗಳು ಉಳಿದವು. ಮನೆಯ ದಿನಗಳು ಅವರ ಸುತ್ತ ಹೊಸದಾಗಿ ಹೊಂದಿಕೊಂಡವು. ಸೋಮವಾರ ಸಂಜೆ ಕೈಕಾಲಿನ ವ್ಯಾಯಾಮ ಮಾಡಿಸಲು ಒಬ್ಬರು ಬರುತ್ತಾರೆ. ಆ ದಣಿವಿಗೋ ಏನೋ, ಮಂಗಳವಾರ ಅಪ್ಪ ಮಧ್ಯಾಹ್ನದವರೆಗೂ ಕಣ್ಣು ತೆರೆಯುವುದಿಲ್ಲ. ಚಹಾಕ್ಕೆ ಎಬ್ಬಿಸಿದರೂ ಏಳುವುದಿಲ್ಲ. ಡಾಕ್ಟರು ಅದು ಸಹಜ ಎಂದಿದ್ದಾರೆ. ಗುರುವಾರ ಒಬ್ಬ ಸಹಾಯಕ ದಿನವಿಡೀ ಇರುತ್ತಾನೆ. ಅಂದು ಅವ್ವ ನಸುಕಿನಲ್ಲೇ ದತ್ತನ ಗುಡಿಗೆಂದು ಹೋಗಿ ಇಳಿಹೊತ್ತಿಗೆ ಬರುತ್ತಾಳೆ. ಅಡುಗೆಮನೆಯಲ್ಲಿ ಈಚೆಗೆ ಮೆಂತ್ಯ ಹುರಿದ ವಾಸನೆ ಇರುತ್ತಿತ್ತು. ಮೊಣಕಾಲು ನೋವಿಗೆ ಪುಡಿ ಎಂದು ಅವ್ವ ಹೇಳಿದ್ದಳು.

ಹಿಂದಿನ ವಾರ ನಾಗಣ್ಣ ಕಾಕಾ ಅಪ್ಪನನ್ನು ನೋಡಲು ಬಂದಿದ್ದರು. ಹೋಗುವಾಗ ಚಪ್ಪಲಿ ಮೆಟ್ಟಿದವರು ಮೆಟ್ಟಿಲ ಬಳಿ ನಿಂತು ನನ್ನನ್ನು ಸನ್ನೆ ಮಾಡಿ ಕರೆದರು.

“ತಂಗಿ, ನಿಮ್ಮಪ್ಪನ ಬೈಠಕ್ ಬಿಟ್ಟುಕೊಟ್ಟ ಬಾರವಾ.”

ಬೈಠಕ್ ಎಂದರೆ ಗಾಳದವನು ಕೂರುವ ಜಾಗ. ಒಂದು ಕಡೆ ದಿನಗಟ್ಟಲೆ ಚಾರಾ ಹಾಕಿ ಮೀನನ್ನು ರೂಢಿ ಮಾಡಿದವನದೇ ಆ ಜಾಗ. ಅವನು ಕಾಯಿಲೆ ಬಿದ್ದರೆ ಬೇರೆ ಯಾರೂ ಅಲ್ಲಿ ಕೂರುವುದಿಲ್ಲ. ಅವನ ಮನೆಯವರೇ ಬಂದು ಬಿಟ್ಟುಕೊಡಬೇಕು. ಅವನ ಡಬ್ಬಿಯಲ್ಲಿ ಉಳಿದ ಚಾರಾವನ್ನೆಲ್ಲ ನೀರಿಗೆ ಎಸೆದು, ಬೆನ್ನು ಮಾಡಿ, ಕೆರೆಯ ಏರಿ ದಾಟಿ ರಸ್ತೆ ಮುಟ್ಟುವವರೆಗೆ ತಿರುಗಿ ನೋಡದೆ ಹೋಗಬೇಕು. ತಿರುಗಿ ನೋಡಿದರೆ ಜಾಗ ಅವನದೇ ಉಳಿಯುತ್ತದೆ. ಇದು ಎಲ್ಲೂ ಬರೆದಿಟ್ಟ ನಿಯಮವಲ್ಲ, ಆದರೆ ಮೀರಿದವರನ್ನು ನಾನು ಕೇಳಿಲ್ಲ.

“ಯಾರರೆ ಆ ಜಾಗ ಕೇಳಾಕತ್ತಾರೇನ್ರಿ?” ಎಂದೆ.

“ಯಾರ ಕೇಳತಾರ? ಹತ್ತರ ಹೋಗಾಕ ಹೆದರತಾರ.” ಕಾಕಾ ಒಳಗೆ ಅವ್ವನ ಕಡೆ ಒಮ್ಮೆ ನೋಡಿ ದನಿ ಇಳಿಸಿದರು. “ಕೆರಿ ಮಂದಿ ನೋಡ್ಯಾರವಾ. ಅವನ ನೀಲಿ ಚೌಕಡಿ ಅಂಗಿ, ತಲಿಗೆ ಅದ ಟವೆಲ್. ನೀರಿಗೆ ಮುಖಾ ಮಾಡಿ ಕುಂದರತಾನಂತ. ನಾವು ರವಿವಾರ ಹೋದ್ರ ದಂಡಿ ಮ್ಯಾಲ ಹೊಸಾ ಚಾರಾ ಬಿದ್ದಿರತೈತಿ. ನಮ್ಮ ಪೈಕಿ ಯಾರೂ ಹಾಕಿಲ್ಲ, ನನ್ನ ಮಕ್ಕಳ ಆಣಿ. ಇಲ್ಲಿ ಹಾಸಿಗಿ ಮ್ಯಾಲ ಇರೂದು ಬರೇ ಮೈ. ಜೀವ ಅಲ್ಲಿ ಸಿಕ್ಕೊಂಡೈತಿ.”

“ಬಿಟ್ಟುಕೊಟ್ರ ಏನಾಗತೈತ್ರಿ?”

“ತಿರುಗಿ ಮೈಯಾಗ ಬರತಾನ. ಇಲ್ಲಾ ಅಂದ್ರ…” ಕಾಕಾ ಮಾತು ಮುಗಿಸದೆ ಮೆಟ್ಟಿಲಿಳಿದರು.

ನಾನು ಅಮೀರ್‌ಪೇಟ್‌ನ ಒಂದು ತರಬೇತಿ ಕೇಂದ್ರದಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಜೀವ ಸಿಕ್ಕಿಕೊಳ್ಳುವ ಮಾತನ್ನು ನಂಬಲಿಲ್ಲ. ಆದರೆ ಒಬ್ಬರು ಇತ್ತ ಬಾರದೆ, ಅತ್ತ ಹೋಗದೆ ತಿಂಗಳುಗಟ್ಟಲೆ ಮಲಗಿರುವುದನ್ನು ನೋಡಿದವರಿಗೆ, ಯಾವುದಾದರೂ ಒಂದು ಬಾಗಿಲು ತೆರೆಯಲಿ ಇಲ್ಲವೇ ಮುಚ್ಚಲಿ ಎನಿಸುವ ದಿನ ಬರುತ್ತದೆ. ಕಾಕಾ ಭಾನುವಾರ ಬಾ ಎಂದಿದ್ದರು. ಭಾನುವಾರ ಎಲ್ಲರೂ ಇರುತ್ತಾರೆ. ನನಗೆ ಯಾರೂ ಇಲ್ಲದ ದಿನ ಬೇಕಿತ್ತು. ಮನೆಯಲ್ಲಿ ಹೇಳಲಿಲ್ಲ, ಕೆಲಸಕ್ಕೆ ಹೊರಟವಳಂತೆ ಹೊರಟೆ.

ಸಿಟಿ ಬಸ್ಸಿನಲ್ಲಿ ತಾರ್ನಾಕಾಕ್ಕೆ ಬಂದು ಮೆಟ್ರೊ ಹತ್ತಿದೆ. ಅಮೀರ್‌ಪೇಟ್‌ನಲ್ಲಿ ಗಾಡಿ ಬದಲಿಸುವಾಗ ನನ್ನ ಇಬ್ಬರು ವಿದ್ಯಾರ್ಥಿನಿಯರು ಎದುರು ಮೆಟ್ಟಿಲಿಳಿಯುತ್ತಿದ್ದರು. ನಾನು ಕಂಬದ ಮರೆಗೆ ಸರಿದೆ. ಮಿಯಾಪುರದಲ್ಲಿ ಇಳಿದು ಜಹೀರಾಬಾದಿನ ಕಡೆಯ ಬಸ್ಸು ಹಿಡಿದೆ. ಆಧಾರ್ ತೋರಿಸಿದರೆ ಈ ಬಸ್ಸುಗಳಲ್ಲಿ ಹೆಂಗಸರಿಗೆ ದುಡ್ಡಿಲ್ಲ. ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟ. ಬಸ್ಸಿನ ತುಂಬ ಹೆಂಗಸರೇ ಇದ್ದರು: ಆಸ್ಪತ್ರೆಯಿಂದ ಮರಳುವವರು, ಮಗಳ ಮನೆಗೆ ಹೊರಟವರು, ಕಟ್ಟಡದ ಕೆಲಸ ಮುಗಿಸಿ ಬೀದರ್ ಕಡೆಯ ಹಳ್ಳಿಗೆ ಹೋಗುವವರು. ನನ್ನ ಪಕ್ಕದವಳು ಮಡಿಲಲ್ಲಿ ಕಾಂಕ್ರೀಟ್ ಬುಟ್ಟಿ ಇಟ್ಟುಕೊಂಡೇ ನಿದ್ದೆ ಹೋಗಿದ್ದಳು.

ಪಟಾನ್‌ಚೆರು ದಾಟುವವರೆಗೆ ಕಾರ್ಖಾನೆಗಳ ಗೋಡೆಗಳೇ ಕಂಡವು. ಸಂಗಾರೆಡ್ಡಿಯ ಕ್ರಾಸಿನಲ್ಲಿ ಬಸ್ಸು ನಿಂತಾಗ ಕಿಟಕಿಯಿಂದಲೇ ತಾಳೆಹಣ್ಣಿನ ಎಳೆ ತಿರುಳು ಕೊಂಡು ತಿಂದೆ. ಅದು ಬಾಯಲ್ಲಿ ನೀರಾಗುವಷ್ಟರಲ್ಲಿ ಕೈಯೆಲ್ಲ ಅಂಟಾಗಿತ್ತು. ಸದಾಶಿವಪೇಟೆಯ ನಂತರ ನೆಲ ಕೆಂಪಾಯಿತು, ಹೊಲಗಳು ಖಾಲಿಯಾದವು. ಒಳಗಿನ ಗಾಳಿಗಿಂತ ಹೊರಗಿನದೇ ಬಿಸಿ ಎಂದು ಹೆಂಗಸರು ಕಿಟಕಿಗಳನ್ನು ಮುಚ್ಚಿಕೊಂಡರು. ನಗರದಿಂದ ಎಂಬತ್ತು ಕಿಲೋಮೀಟರಿನಷ್ಟು ಬಂದ ಮೇಲೆ ಒಂದು ಕ್ರಾಸಿನಲ್ಲಿ ಇಳಿದೆ. ಬೇವಿನ ಮರದ ಕೆಳಗೆ ಒಂದೇ ಆಟೊ ನಿಂತಿತ್ತು. ಆಟೊದವನು ಕೆರೆಯ ಏರಿಗೆ ನೂರು ರೂಪಾಯಿ ಕೇಳಿದ, ಕೊಟ್ಟೆ. ದಾರಿಯಲ್ಲಿ ಒಂದು ನಾಯಿಯೂ ಎದುರಾಗಲಿಲ್ಲ.

ಏರಿಯ ಮೇಲೆ ಸಾಯ್ಲುವಿನ ಚಹಾದ ಗುಡಿಸಲು. ಸಾಯ್ಲು ಬಲೆ ಹಾಕಿ ಬದುಕುವವನು, ಐವತ್ತು ದಾಟಿದವನು. ಗಾಳದವರೆಲ್ಲ ಅವನ ಬಳಿ ಚಹಾ ಕುಡಿದು ನೀರಿನ ಸುದ್ದಿ ಕೇಳಿಯೇ ಮುಂದೆ ಹೋಗುತ್ತಾರೆ. ಅವನದು ತೆಲುಗು ಬೆರೆತ ಗಡಿಯ ಕನ್ನಡ. ಚಿಕ್ಕವಳಿದ್ದಾಗ ಅಪ್ಪನ ಜೊತೆ ಬಂದಿದ್ದ ನನ್ನ ಗುರುತು ಅವನಿಗೆ ಹತ್ತಲಿಲ್ಲ. ನಾನು ಸುಮ್ಮನೆ ಕೆರೆಯ ಸ್ಥಿತಿ ಕೇಳಿದೆ.

“ಏಂ ನೀರಮ್ಮಾ, ಸಗಂ ಬಯಲಾಗೈತಿ,” ಎಂದು ಅವನು ಚಹಾ ಸೋಸಿದ. ಅರ್ಧ ಕೆರೆ ಒಣಗಿದೆ. ದಡದ ನೀರು ಹತ್ತು ಗಂಟೆಗೆಲ್ಲ ಬಿಸಿಯಾಗಿ ಮೀನು ಆಳಕ್ಕೆ ಇಳಿಯುತ್ತದೆ. ಗಾಳ ಹಾಕುವುದಿದ್ದರೆ ಬೆಳಗಿನ ಹೊತ್ತೇ ಸರಿ. ರೋಹು ಈಗ ಮೇವು ಮುಟ್ಟಿ ಬಿಡುತ್ತದೆ, ನುಂಗುವುದಿಲ್ಲ. ಕೊರಮೀನು ಜೊಂಡಿನಲ್ಲಿ ಅಡಗಿದೆ. ದೊಡ್ಡ ಕಾಟ್ಲಾಗಳೆಲ್ಲ ಒಂದೇ ಕಡೆ ಸೇರಿವೆ. “ಮೋಟ ಬಾವಿ ಹತ್ತಿರ. ಅಲ್ಲಿ ಮಾತ್ರ ತಣ್ಣನ ನೀರು ಉಂದಿ. ಆದ್ರ ಅದು ಸಾರ್ ಬೈಠಕ್, ಎವರೂ ಕೂರಲ್ಲ.”

ಈ ಕೆರೆ ಕಟ್ಟುವ ಮೊದಲು ಅಲ್ಲಿ ಹೊಲಗಳಿದ್ದವು. ಎತ್ತು ಹೂಡಿ ತೊಗಲಿನ ಚೀಲದಲ್ಲಿ ನೀರೆತ್ತುತ್ತಿದ್ದ ಒಂದು ಕಪಿಲೆ ಬಾವಿ, ಸಾಯ್ಲುವಿನ ಮಾತಿನ ಮೋಟ ಬಾವಿ, ಕೆರೆಯೊಳಗೆ ಮುಳುಗಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಅದರ ಎರಡು ಕಲ್ಲುಕಂಬಗಳು ಮೊದಲು ತಲೆ ಎತ್ತುತ್ತವೆ. ಬಾವಿಯ ಕಟ್ಟೆ ಕುಸಿದಿದೆ, ಬಾಯಿ ಮಾತ್ರ ತೆರೆದೇ ಇದೆ. ಮೊಣಕಾಲುದ್ದದ ನೀರು ಎಂದು ಕಂಬಗಳ ನಡುವೆ ಹೆಜ್ಜೆ ಇಟ್ಟವನು ತಳವಿಲ್ಲದ ಕಡೆಗೆ ಹೋಗುತ್ತಾನೆ. ಅಪ್ಪ ನನ್ನನ್ನು ಕರೆತಂದಾಗ ಮೊದಲು ತೋರಿಸಿದ್ದು ಅದನ್ನೇ. “ಕಂಬದ ಈಚೆಗೆ ಭೂಮಿ, ಆಚೆಗೆ ಬಾವಿ,” ಎಂದು ಎರಡು ಸಲ ಹೇಳಿಸಿದ್ದರು.

“ಯಾವ ಸಾರ್?” ಎಂದೆ.

“ಕುಷಾಯಿಗೂಡ ಸಾರ್. ಮೀನು ಹಿಡಿದು ಮುದ್ದು ಮಾಡಿ ಬಿಡತಾರಲ್ಲ, ಆ ಸಾರ್.” ಅವನು ನಕ್ಕ. “ನಾಗಣ್ಣ ಸಾರ್ ಅಂತಾರೆ, ಆಯನಕಿ ಪಾಣಂ ಹುಷಾರಿಲ್ಲ ಅಂತ. ಏಂ ಹುಷಾರಿಲ್ಲಮ್ಮಾ? ಮಂಚಿಗೇ, ಚೆನ್ನಾಗೇ ಇದಾರೆ. ಬಂದು ಕೂರತಾರೆ, ಹೋಗತಾರೆ. ಚಹಾಕ್ಕೆ ಮಾತ್ರ ಬರಲ್ಲ, ನನ್ನ ಮೇಲೆ ಏಂ ಕೋಪನೋ.” ಅವನು ಲೋಟ ಹಿಡಿದ ಕೈಯಿಂದಲೇ ಕೆರೆಯ ಆಚೆಗೆ ತೋರಿಸಿದ. “ನೋಡಿ, ಕೂತಿದಾರೆ ಕದಾ.”

ನೋಡಿದೆ. ನೀರಿನ ಮೇಲೆ ಬಿಸಿಲು ಕುದಿಯುತ್ತಿತ್ತು. ಅದರಾಚೆ ಎರಡು ಕಂಬಗಳು, ಕಂಬಗಳ ಹಿಂದೆ ಕರಿಯ ಹಾಸುಗಲ್ಲು, ಕಲ್ಲಿನ ಮೇಲೆ ನೀಲಿ ಅಂಗಿಯ ಒಂದು ಆಕೃತಿ. ತಲೆಗೆ ಬಿಳಿಯದೇನೋ ಸುತ್ತಿತ್ತು. ಅಲುಗಾಡುತ್ತಿರಲಿಲ್ಲ. ಅಪ್ಪನಿಗೆ ಬೆಳಿಗ್ಗೆ ನಾನೇ ಗಂಜಿ ಕುಡಿಸಿದ್ದೆ, ಬಿಳಿ ಬನಿಯನ್ನಿನಲ್ಲಿದ್ದರು. ನೀಲಿ ಚೌಕಡಿ ಅಂಗಿಯನ್ನು ಈಚೆಗೆ ಹಗ್ಗದ ಮೇಲಾಗಲಿ ಕಪಾಟಿನಲ್ಲಾಗಲಿ ಕಂಡ ನೆನಪಿರಲಿಲ್ಲ. ಲೋಟ ಕೆಳಗಿಟ್ಟೆ. ಚಹಾ ಮುಗಿದಿರಲಿಲ್ಲ.

ಏರಿ ಇಳಿದು ದಡ ಹಿಡಿದು ಸುತ್ತಿ ನಡೆದೆ. ಮೊದಲಿಗೆ ಒಣಗಿ ಬಿರಿದ ಮಣ್ಣು, ಅದರ ಮೇಲೆ ಸತ್ತ ಬಸವನಹುಳುಗಳ ಚಿಪ್ಪು. ಕಾಲಿಟ್ಟಲ್ಲೆಲ್ಲ ಹಪ್ಪಳದಂತೆ ಮುರಿಯುತ್ತಿದ್ದವು. ಆಮೇಲೆ ಹಿಂದೆಂದೋ ಮುಳುಗಿ ಸತ್ತ ಹುಣಸೆ ಮರಗಳ ಬೊಡ್ಡೆಗಳು ಬಂದವು. ನೀರು ಅವುಗಳ ಬೇರಿನ ಮಣ್ಣನ್ನೆಲ್ಲ ಒಯ್ದಿತ್ತು. ಬೇರುಗಳು ಬೆರಳೂರಿದಂತೆ ನೆಲಕ್ಕೆ ನಿಂತಿದ್ದವು. ಹಕ್ಕಿಗಳಿರಲಿಲ್ಲ. ನಾನು ನಿಂತರೆ ಚಿಪ್ಪಿನ ಸದ್ದೂ ನಿಲ್ಲುತ್ತಿತ್ತು, ಆಗ ಕಿವಿಯಲ್ಲಿ ನನ್ನ ರಕ್ತದ ಸದ್ದು ಮಾತ್ರ.

ಅರ್ಧ ದಾರಿಗೆ ಹಸಿ ಮಣ್ಣು ಶುರುವಾಯಿತು. ಅಲ್ಲಿ ಹೆಜ್ಜೆ ಗುರುತುಗಳಿದ್ದವು. ಹೊಲಗಳ ಕಡೆಯಿಂದ ಬಂದು ಹಾಸುಗಲ್ಲಿನ ಕಡೆಗೆ ಹೋಗಿದ್ದವು. ಬಗ್ಗಿ ನೋಡಿದೆ. ಅಪ್ಪನ ಕ್ಯಾನ್ವಾಸ್ ಬೂಟಿನ ಅಟ್ಟೆ ಸವೆದಾಗ ಮೋಚಿ ಹಳೆಯ ಟೈರಿನ ತುಂಡು ಹೊಲಿದು ಕೊಟ್ಟಿದ್ದ. ಎಡಗಾಲಿನದರಲ್ಲಿ ಟೈರಿನ ಪಟ್ಟೆಗಳು ಓರೆ, ಬಲಗಾಲಿನದರಲ್ಲಿ ನೇರ. ಮಣ್ಣಿನಲ್ಲಿ ಒಂದು ಓರೆ, ಒಂದು ನೇರ ಅಚ್ಚುಗಳು ಒಂದರ ಮುಂದೊಂದು ಮೂಡಿದ್ದವು. ಬಲಗಾಲು ಎಳೆದ ಗುರುತಿರಲಿಲ್ಲ. ನಡೆದವರು ಎರಡೂ ಕಾಲು ಚೆನ್ನಾಗಿದ್ದವರು.

ಅಲ್ಲಿಂದಲೇ ಹಿಂದಿರುಗಿಬಿಡೋಣ ಎನಿಸಿತು. ಗಾಳಿ ತಿರುಗಿ ಮೆಂತ್ಯದ ವಾಸನೆ ಬಂತು, ಹುರಿದ ಹಿಂಡಿಯ ವಾಸನೆ. ಮಾಳಿಗೆಯ ಮೇಲಿನ ಅಪ್ಪನ ಶನಿವಾರದ ಸಂಜೆಗಳ ವಾಸನೆ. ಚೀಲದಲ್ಲಿದ್ದ ಡಬ್ಬಿಯನ್ನು ಮುಟ್ಟಿ ನೋಡಿದೆ. ಮುಚ್ಚಳ ಬಿಗಿಯಾಗಿಯೇ ಇತ್ತು.

ಇನ್ನಷ್ಟು ಹತ್ತಿರ ಹೋದೆ. ಆಕೃತಿ ನನಗೆ ಬೆನ್ನು ಮಾಡಿ ಕೂತಿತ್ತು. ಚೌಕಡಿ ಅಂಗಿಯ ಹೆಗಲ ಮೇಲೆ ಗಾಳದ ದಾರ ಕೊಯ್ದ ಹಳೆಯ ಸೀಳು, ಅದಕ್ಕೆ ಹಾಕಿದ್ದ ಬಿಳಿ ದಾರದ ಹೊಲಿಗೆ ಇಲ್ಲಿಂದಲೂ ಕಂಡಿತು. ಅದು ಎದ್ದು ನಿಂತಿತು. ಕೈಯಲ್ಲೊಂದು ಉಂಡೆ ಇತ್ತು. ಕಲ್ಲಿನಿಂದ ಇಳಿದು ನೀರಿಗೆ ಕಾಲಿಟ್ಟಿತು. ಕಂಬಗಳ ಕಡೆಗೆ ಒಂದು ಹೆಜ್ಜೆ, ಮತ್ತೊಂದು ಹೆಜ್ಜೆ. ಅಪ್ಪ ಎಂದೂ ಕಲ್ಲಿನಿಂದ ಇಳಿದವರಲ್ಲ, ಅಲ್ಲಿಂದಲೇ ಬಾವಿಯ ಬಾಯಿಗೆ ಬೀಳುವಂತೆ ಎಸೆಯುತ್ತಿದ್ದರು. ಆಕೃತಿ ಎರಡು ಕಂಬಗಳ ನಡುವಿನ ಗೆರೆಗೆ ಬಂದಿತ್ತು. ಕಾಲೆತ್ತಿತು.

“ಅಪ್ಪಾ!” ಎಂದು ಕೂಗಿದೆ.

ಕೆರೆ ಆ ಕೂಗನ್ನು ಏರಿಯವರೆಗೆ ಒಯ್ದು ತಿರುಗಿ ತಂದಿತು. ಆಕೃತಿ ಎತ್ತಿದ ಕಾಲನ್ನು ಹಿಂದಕ್ಕೆ ಇಟ್ಟು ತಿರುಗಿತು. ಟವೆಲಿನ ಕೆಳಗೆ ಅವ್ವನ ಮುಖ ಇತ್ತು.

ಅಂಗಿಯ ಕೆಳಗೆ ಅವಳ ಹಸಿರು ಸೀರೆ, ಕಚ್ಚೆ ಕಟ್ಟಿ ಮೇಲಕ್ಕೆ ಸಿಕ್ಕಿಸಿದ್ದು. ಹೊಲದ ಕೆಲಸದ ಹೆಂಗಸರು ಬಿಸಿಲಿಗೆ ಗಂಡನ ತುಂಬುತೋಳಿನ ಅಂಗಿ ತೊಡುವ ಹಾಗೆ ತೊಟ್ಟಿದ್ದಳು.

“ಯಾಕ ಹಂಗ ಒದರತಿ?” ಎಂದಳು. “ಮೀನ ಓಡಿ ಹೋಗತಾವ.”

ನಾನು ಓಡಿಹೋಗಿ ಅವಳ ರಟ್ಟೆ ಹಿಡಿದು ಕಲ್ಲಿನ ಮೇಲೆ ಎಳೆದುಕೊಂಡೆ. “ಬಾವಿ ಐತಿ ಅಲ್ಲಿ. ಕಂಬದ ಆಚಿಗೆ ಬಾವಿ. ಅಪ್ಪ ಹೇಳಿಲ್ಲೇನ?”

“ಹೇಳಿರಬೇಕ. ಅವರು ಕೆರಿ ಸುದ್ದಿ ತಗದಾಗ ನಾ ಎಲ್ಲಿ ಕೇಳತಿದ್ನಿ?” ಅವ್ವ ಕಂಬಗಳನ್ನು ನೋಡಿದಳು, ಆಮೇಲೆ ತನ್ನ ಕಾಲನ್ನು ನೋಡಿದಳು. “ಹೋದ ವಾರದ ತನಕ ಕಲ್ಲಿನ ಬುಡಕ್ಕ ನೀರಿತ್ತು. ಇವತ್ತ ದೂರ ಸರದೈತಿ, ನನ್ನ ಕೈ ಮುಟ್ಟಲಿಲ್ಲ.” ಕಲ್ಲಿನ ಮೇಲೆ ಕುಕ್ಕರಿಸಿದಳು. ಉಂಡೆ ಇನ್ನೂ ಅಂಗೈಯಲ್ಲೇ ಇತ್ತು.

ದತ್ತನ ಗುಡಿಗೆ ಅವಳು ಹೋದದ್ದು ಮೊದಲ ಎರಡು ಗುರುವಾರ ಮಾತ್ರ. ಒಂದು ಸಂಜೆ ಅಪ್ಪ ಎಡಗೈಯನ್ನು ಮತ್ತೆ ಮತ್ತೆ ಬೀಸತೊಡಗಿದ್ದರಂತೆ. ನೀರು ಬೇಕೇನೋ, ಸೊಳ್ಳೆಯೇನೋ ಎಂದು ಏನೇನೋ ಮಾಡಿ ನೋಡಿದಳು. ಕೊನೆಗೆ ಅದು ಚಾರಾ ಎಸೆಯುವ ಕೈ ಎಂದು ತಿಳಿಯಿತು. ಕೆರೆಯ ಹೆಸರು, ಕಂಬಗಳ ಎದುರಿನ ಕರಿಯ ಕಲ್ಲು ಎಂಬಷ್ಟು ಮಾತ್ರ ಅವಳ ಕಿವಿಗೆ ಬಿದ್ದಿತ್ತು. ಬಸ್ಸಿಗೆ ದುಡ್ಡು ಕೊಡಬೇಕಿಲ್ಲ, ಯಾರನ್ನೂ ಕೇಳಬೇಕಿಲ್ಲ. ಅವರ ಬೂಟು ಮೆಟ್ಟಿ, ಅಂಗಿಯನ್ನು ಚೀಲದಲ್ಲಿ ಹಾಕಿಕೊಂಡು ಬಂದಳು. “ಆ ಏರಿ ಮ್ಯಾಲ ಗಂಡಸರು ಕುಂತಿರತಾರ. ಅದಕ್ಕ ಮುಂದಿನ ಸ್ಟಾಪಿಗೆ ಇಳದು ಕೂಲಿ ಹೆಣ್ಮಕ್ಕಳ ಜೋಡಿ ಹೊಲದಾಗಿಂದ ಬರತೀನಿ.”

“ನಂಗ ಯಾಕ ಹೇಳಲಿಲ್ಲ?”

“ಏನಂತ ಹೇಳಲಿ? ಜೀವನಪೂರ್ತಿ ಈ ವಾಸನಿಗೆ ಮೂಗ ಮುಚ್ಚಿದಾಕಿ ನಾ.” ಅವ್ವ ಉಂಡೆಯನ್ನು ಮೂಗಿನ ಹತ್ತಿರ ಹಿಡಿದು ಮುಖ ಕಿವುಚಿದಳು. “ಈಗೂ ಸೇರಂಗಿಲ್ಲ ನೋಡ. ಮೀನಿಗೆ ಹ್ಯಾಂಗ ಸೇರತೈತೋ. ಆದ್ರ ಮನಿಗೆ ಹೋಗಿ ಅವರ ಮುಂದ ಕುಂತು, ನೀರ ಇಷ್ಟ ಇಳದೈತಿ, ದೊಡ್ಡವು ನಾಕ ಗುಳ್ಳಿ ಬಿಟ್ಟೂವು ಅಂತ ಹೇಳಿದ್ರ ಕಣ್ಣ ಪೂರಾ ತಗದ ಕೇಳತಾರ. ವಾರದಾಗ ಅದೊಂದ ಹೊತ್ತು.”

ನಾಗಣ್ಣ ಕಾಕಾ ಹೇಳಿದ್ದನ್ನು ನಾನು ಹೇಳಿದೆ. ಕೆರೆಯವರು ಕಂಡದ್ದು ನಿನ್ನನ್ನೇ ಎಂದೆ. ಅವ್ವ ಬಾಯಿಗೆ ಸೆರಗು ಒತ್ತಿ ನಕ್ಕಳು. “ಪಾಪ ನಾಗಣ್ಣ, ಜ್ವರ ಬಂದಿರಬೇಕ ಅವಗ.” ಆಮೇಲೆ ನನ್ನ ಚೀಲದಿಂದ ಇಣುಕುತ್ತಿದ್ದ ಡಬ್ಬಿ ಅವಳ ಕಣ್ಣಿಗೆ ಬಿತ್ತು. ನಗು ಹೋಯಿತು.

“ಬಿಟ್ಟುಕೊಡಾಕ ಬಂದಿ?”

“ಹೂಂ.”

“ನನ್ನ ಕೇಳಲಾರದ?”

ಡಬ್ಬಿಯನ್ನು ಚೀಲದಿಂದ ತೆಗೆದು ಕಲ್ಲಿನ ಮೇಲಿಟ್ಟೆ. ಅವ್ವ ನೀರಿನ ಕಡೆ ತಿರುಗಿದಳು. “ನಾಗಣ್ಣ ಅಂದಂಗ ಒಂದಲ್ಲಾ ಒಂದು ಆಗಲಿ ಅಂತ ಬಂದಿ,” ಎಂದಳು. ಬೈಗುಳದ ದನಿ ಅದಾಗಿರಲಿಲ್ಲ. “ನಂಗೂ ಒಂದೊಂದ ದಿನ ಅನಸತೈತಿ. ಅವರಿಗೇ ಸಾಕಾಗಿದ್ರ? ನಾ ಚಾರಾ ಹಾಕಿ ಹಾಕಿ ಹಿಡದ ಇಟ್ಟಂಗ ಆಗಿದ್ರ? ಹಾಕೂದಿದ್ರ ಹಾಕ. ನಾ ಬ್ಯಾಡ ಅನ್ನಂಗಿಲ್ಲ.”

ಮುಚ್ಚಳ ತೆಗೆದೆ. ಹಳೆಯ ಚಾರಾ ಗಟ್ಟಿಯಾಗಿ ಡಬ್ಬಿಯ ಆಕಾರದಲ್ಲೇ ನಿಂತಿತ್ತು. ಅಪ್ಪ ಕೊನೆಯ ಸಲ ಮುಷ್ಟಿ ತುಂಬಿಕೊಂಡ ಕಡೆ ಬೆರಳುಗಳ ಗುಳಿಗಳು ಹಾಗೇ ಇದ್ದವು. ಛತ್ರಿಯ ತುದಿಯಿಂದ ಒಡೆದು, ಕಲ್ಲಿನ ಮೇಲೆ ನಿಂತು, ಎಲ್ಲವನ್ನೂ ಕಂಬಗಳ ನಡುವೆ ಎಸೆದೆ. ಅವ್ವನ ಉಂಡೆಯನ್ನೂ ಇಸಿದುಕೊಂಡು ಎಸೆದೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬಾವಿಯ ಬಾಯಿದ್ದ ಕಡೆ ಗುಳ್ಳೆಗಳು ಒಂದು ದುಂಡನೆಯ ಗೆರೆಯಲ್ಲಿ ಎದ್ದವು. ಬಾವಿಯ ಅಂಚನ್ನು ಯಾರೋ ಒಳಗಿನಿಂದ ಬೆರಳಿಟ್ಟು ತೋರಿಸಿದ ಹಾಗಿತ್ತು. ಒಂದು ದೊಡ್ಡ ಬೆನ್ನು, ಕಾಟ್ಲಾದ್ದು, ನೀರಿನ ಮೇಲೆ ನಿಧಾನವಾಗಿ ಹೊರಳಿ ಒಳಗೆ ಹೋಯಿತು.

ಅವ್ವ ಅಂಗಿ ಬಿಚ್ಚಿ ಮಡಿಸಿ ಚೀಲದಲ್ಲಿ ಹಾಕಿದಳು. ಇಬ್ಬರೂ ನೀರಿಗೆ ಬೆನ್ನು ಮಾಡಿ ಹೊರಟೆವು. ಬೇರುಗಳ ನಡುವೆ, ಚಿಪ್ಪುಗಳ ಮೇಲೆ, ಒಬ್ಬರ ಹಿಂದೊಬ್ಬರು. ಹಿಂದೆ ನೀರಿನಲ್ಲಿ ಏನೋ ಪಟಪಟ ಬಡಿಯಿತು. ಅವ್ವನ ಕುತ್ತಿಗೆ ಬಿಗಿಯಾದದ್ದು ಕಂಡಿತು, ಆದರೆ ತಿರುಗಲಿಲ್ಲ. ನಾನೂ ತಿರುಗಲಿಲ್ಲ.

ಏರಿಯ ಮೇಲೆ ಸಾಯ್ಲು ನನ್ನ ಆರಿದ ಚಹಾ ಚೆಲ್ಲಿ ಹೊಸದು ಕೊಟ್ಟ. ಅವ್ವನಿಗೆ ಸಕ್ಕರೆ ಕಡಿಮೆ ಹಾಕಿ ಇನ್ನೊಂದು. ನಾನು ಕುಷಾಯಿಗೂಡದ ಸಾರ್ ಮಗಳು ಎಂದು ಹೇಳಿದೆ. ಅಪ್ಪ ಮಲಗಿದ್ದಾರೆ, ನೀವು ಕಂಡದ್ದು ಇವರನ್ನು, ನಮ್ಮ ಅವ್ವನನ್ನು, ಗುರುವಾರ ಗುರುವಾರ ಅಪ್ಪನ ಅಂಗಿ ಹಾಕಿಕೊಂಡು ಬರುತ್ತಾರೆ ಎಂದು ವಿವರಿಸಿದೆ.

ಸಾಯ್ಲು ತೊಡೆ ತಟ್ಟಿಕೊಂಡು ನಕ್ಕ. “ಅಮ್ಮಗಾರು! ನಾನು ಇವತ್ತು ಸಾರ್ ಅಂದ್ಕೊಂಡೆ. ಗುರುವಾರದ್ದು ನೀವೇನಾ?” ನಗುತ್ತಲೇ ಲೋಟ ತೊಳೆಯಲು ಬಗ್ಗಿದವನು ಹಾಗೇ ನಿಂತ. “ಆದ್ರ ಮಂಗಳವಾರ?”

“ಮಂಗಳವಾರ ಏನು?” ಎಂದೆ.

“ಸಾರ್ ಬರೋದು ಮಂಗಳವಾರ ಕದಮ್ಮಾ. ಪೊದ್ದುನ್ನೆ, ಬೆಳಕಾಗ್ತಲೇ ಬರತಾರೆ, ಮಧ್ಯಾಹ್ನದ ತನಕ ಇರತಾರೆ. ಹೋದ ಮಂಗಳವಾರ ಥರ್ಮಾಕೋಲ್ ತೆಪ್ಪ ಹಾಕ್ಕೊಂಡು ಕಂಬದ ಹತ್ತಿರಾನೇ ಹೋದೆ. ನಮಸ್ತೆ ಸಾರ್, ಪಾಣಂ ಎಟ್ಲುಂದಿ, ಹುಷಾರಾ ಅಂದೆ. ಮಾತಾಡಲಿಲ್ಲ. ಚೇಯಿ ಎತ್ತಿ ನಕ್ಕರು.” ಅವನು ತಾನೇ ಮಾಡಿ ತೋರಿಸಿದ.

ಎತ್ತಿದ್ದು ಎಡಗೈ.

ಅವ್ವ ನನ್ನತ್ತ ನೋಡಲಿಲ್ಲ, ನಾನು ಅವಳತ್ತ ನೋಡಲಿಲ್ಲ. ಅಪ್ಪನಿಗೆ ಯಾವ ಕಡೆ ಬಿದ್ದುಹೋಗಿದೆ ಎಂದು ನಾನು ಸಾಯ್ಲುವಿಗೆ ಹೇಳಿರಲಿಲ್ಲ. ನಾಗಣ್ಣ ಕಾಕಾ ಹೇಳಿರಬಹುದು. ಸಾಯ್ಲು ಎಡಚನಿರಬಹುದು, ಚಹಾ ಯಾವ ಕೈಯಿಂದ ಕೊಟ್ಟ ಎಂದು ನೆನಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ಅವ್ವ ಬಹಳ ಮೆಲ್ಲಗೆ ಕೇಳಿದಳು: “ಹ್ಯಾಂಗ ನಕ್ಕರು?”

“ಎಟ್ಲ ಅಂದ್ರೆ…” ಸಾಯ್ಲು ಯೋಚಿಸಿದ. “ಮಂಚಿಗೇ ನಕ್ಕರಮ್ಮಾ. ಖುಷೀಲಿ.”

ಬಂದಿದ್ದ ಆಟೊದವನೇ ಮತ್ತೊಬ್ಬರನ್ನು ಇಳಿಸಿ ಹಿಂದಿರುಗುತ್ತಿದ್ದ. ಹತ್ತಿ ಕೂತೆವು. ಏರಿ ಮುಗಿಯುವಲ್ಲಿ ಡಾಂಬರು ರಸ್ತೆ ಶುರುವಾಗುತ್ತದೆ. ಅದನ್ನು ಮುಟ್ಟಿದರೆ ಆಯಿತು, ಬೈಠಕ್ ಬಿಟ್ಟುಕೊಟ್ಟಂತೆ. ಮಂಗಳವಾರ ಬರುವವರಿಗೆ ಅಲ್ಲಿ ಜಾಗವಿರುವುದಿಲ್ಲ. ಆಟೊದ ಮುಂದಿನ ಗಾಲಿ ರಸ್ತೆಯ ಅಂಚಿಗೆ ಕುಲುಕಿತು. ನಾನು ಸೀಟಿನ ಕಂಬಿ ಹಿಡಿದು ಪೂರ್ತಿ ಹಿಂದಕ್ಕೆ ತಿರುಗಿ ನೋಡಿದೆ. ಅವ್ವ ಆಗಲೇ ತಿರುಗಿದ್ದಳು. ಎರಡು ಕಂಬಗಳು, ಕರಿಯ ಕಲ್ಲು, ಕಲ್ಲಿನ ಮೇಲೆ ಬಿಸಿಲು. ಯಾರೂ ಇರಲಿಲ್ಲ. ಅಂದು ಗುರುವಾರ.

ಬಸ್ಸಿನಲ್ಲಿ ಅವ್ವನಿಗೆ ಕಿಟಕಿಯ ಸೀಟು ಸಿಕ್ಕಿತು. ಸಂಗಾರೆಡ್ಡಿಯ ಹತ್ತಿರ ಕಾಕಾ ಫೋನ್ ಮಾಡಿ ರವಿವಾರ ಬರುತ್ತೀಯಲ್ಲ ಎಂದು ಕೇಳಿದರು. ಇವತ್ತೇ ಹೋಗಿದ್ದೆ ಎಂದೆ.

“ಬಿಟ್ಟ ಬಂದ್ಯಾ?”

“ಇಲ್ರಿ ಕಾಕಾ. ತಿರುಗಿ ನೋಡಿದೆ.”

ಫೋನ್ ಅವರೇ ಇಟ್ಟರು.

ಸಂಜೆ ಅವ್ವ ಅಪ್ಪನ ಮುಂದೆ ಕೂತು ನೀರು ಎಷ್ಟು ಸರಿದಿದೆ ಎಂದು ಹೇಳಿದಳು. ಕಂಬದ ಆಚೆಗೆ ಕಾಲೆತ್ತಿದ್ದನ್ನು ಹೇಳಲಿಲ್ಲ. ಅಪ್ಪನ ಕಣ್ಣು ಅವಳ ಮುಖದಿಂದ ಇಳಿದು ಅವಳ ಪಾದಗಳ ಮೇಲೆ ನಿಂತಿತು, ಅಲ್ಲಿಯೇ ಬಹಳ ಹೊತ್ತು ಇತ್ತು.

ಮುಂದಿನ ಮಂಗಳವಾರ ನಾನು ರಜೆ ಹಾಕಿದೆ. ಬೆಳಕು ಹರಿದ ಮೇಲೆ ಅಪ್ಪನ ಕೋಣೆಗೆ ಹೋದೆ. ಮುಖ ಗೋಡೆಯ ಕಡೆಗಿತ್ತು, ಉಸಿರು ದೂರದಿಂದ ಬರುವ ಹಾಗೆ ಅಂತರ ಬಿಟ್ಟು ಬರುತ್ತಿತ್ತು. ಹಗ್ಗದ ಮೇಲೆ ಒಗೆದು ಹಾಕಿದ್ದ ನೀಲಿ ಅಂಗಿ ಇತ್ತೇ ಎಂದು ಕಿಟಕಿಯಿಂದ ನೋಡಿದೆ, ಇತ್ತು. ಅವ್ವ ಚಹಾ ಹಿಡಿದುಕೊಂಡು ಬಂದಳು. ಎಬ್ಬಿಸಲೆಂದು ನಾನು ಅವರ ಭುಜಕ್ಕೆ ಕೈ ಚಾಚಿದೆ.

ಅವ್ವ ನನ್ನ ಮಣಿಕಟ್ಟು ಹಿಡಿದಳು. ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಅದರ ಮೇಲೆ ತಟ್ಟೆ ಮುಚ್ಚಿದಳು.

“ಎಬ್ಬಿಸಬ್ಯಾಡ,” ಎಂದಳು. “ಮಧ್ಯಾಹ್ನಕ್ಕ ಬರತಾರ.”